ಮಾತಿನ ನಡುವೆ ಕತ್ತರಿ

ಮೂಡುಬಿದಿರೆಯಲ್ಲಿ ನನ್ನ ಕೆಲಸದ ಕೋಣೆ ಇರುವುದು ಒಂದು ಹಿಟ್ಟಿನ ಗಿರಣಿಯ ಮಾಳಿಗೆಯಲ್ಲಿ. ಸಿನಿಮಾದ ಧ್ವನಿ ಸರಿಪಡಿಸುವವಳು ಗಿರಣಿಯ ಮೇಲೆ ಕೂತು ಕೆಲಸ ಮಾಡುತ್ತಾಳೆ ಎಂದರೆ ಕೇಳಿದವರು ನಗುತ್ತಾರೆ. ಆದರೆ ಪೇಟೆಯಲ್ಲಿ ಅಷ್ಟು ದಪ್ಪ ಗೋಡೆಯ ಬೇರೆ ಕೋಣೆ ನನಗೆ ಸಿಕ್ಕಿರಲಿಲ್ಲ. ಗಿರಣಿ ಓಡುವಾಗ ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇನೆ. ಮಧ್ಯಾಹ್ನ ಗಿರಣಿಯವರು ಊಟಕ್ಕೆಂದು ಯಂತ್ರ ನಿಲ್ಲಿಸಿದರೆ ಎರಡು ಗಂಟೆ ಹೊತ್ತು ಕಟ್ಟಡ ತೆಪ್ಪಗಿರುತ್ತದೆ. ಏನಾದರೂ ಹೊಸದಾಗಿ ರೆಕಾರ್ಡ್ ಮಾಡುವುದಿದ್ದರೆ ಆಗಲೇ ಮಾಡಿಕೊಳ್ಳಬೇಕು.

ಮೊದಲು ನಾನು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಿದ್ದೆ. ಮಂತ್ರದ ಮೇಲೆ ಬಿದ್ದ ಜನರೇಟರಿನ ಸದ್ದು, ಅಜ್ಜಿಯ ಸೋಬಾನೆಯ ಮೇಲೆ ಬಿದ್ದ ಬಸ್ಸಿನ ಹಾರ್ನ್, ಇಂಥವನ್ನು ತೆಗೆಯಲು ಒಂದು ಸಾಫ್ಟ್‌ವೇರ್ ಉಂಟು ಎಂದು ಗೊತ್ತಾಗಿ ಅದನ್ನು ಇಂಟರ್‌ನೆಟ್ಟಿನ ಪಾಠಗಳನ್ನು ನೋಡಿ ನಾನೇ ಕಲಿತೆ. ಅದು ಸದ್ದನ್ನು ಚಿತ್ರ ಮಾಡಿ ತೋರಿಸುತ್ತದೆ. ಎಡದಿಂದ ಬಲಕ್ಕೆ ಹೊತ್ತು ಸಾಗುತ್ತದೆ. ದಪ್ಪ ಸ್ವರ ಕೆಳಗೆ, ಸಪೂರ ಸ್ವರ ಮೇಲೆ. ಮನುಷ್ಯರ ಮಾತು ಒಂದರ ಮೇಲೊಂದು ಪೇರಿಸಿದ ಬಾಗುಗೆರೆಗಳ ಹಾಗೆ ಕಾಣುತ್ತದೆ. ಫ್ಯಾನಿನ ಗುಂಯ್ ಎಂಬ ಸದ್ದು ಉದ್ದಕ್ಕೆ ಎಳೆದ ಗೆರೆ. ಟಪ್ ಎಂದು ಬಂದು ಹೋಗುವ ಸದ್ದು ನೆಟ್ಟಗೆ ನಿಲ್ಲಿಸಿದ ಕಡ್ಡಿ. ಬೇಡದ್ದನ್ನು ಗುರುತಿಸಿ ಒರೆಸಿದರೆ ಸುತ್ತಲಿನ ಸದ್ದಿನಿಂದಲೇ ಸ್ವಲ್ಪ ತಂದು ಆ ತೂತು ಮುಚ್ಚುತ್ತದೆ. ಮೊದಲ ಸಲ ಒಂದು ಹಾರ್ನನ್ನು ಹಾಗೆ ಒರೆಸಿದ ದಿನ ನಾನು ಎದ್ದು ಕೋಣೆಯೊಳಗೇ ಎರಡು ಸುತ್ತು ಬಂದಿದ್ದೆ.

ಬೆಳ್ತಂಗಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ಟ್ರೊಬ್ಬರು ನನ್ನನ್ನು ಹುಡುಕಿಕೊಂಡು ಬಂದದ್ದು ಆ ಕಾಲದಲ್ಲಿ. ಎರಡು ರಜೆಗಳಲ್ಲಿ ಗೆಳೆಯರನ್ನು ಕಟ್ಟಿಕೊಂಡು ಅವರು ಒಂದು ತುಳು ಸಿನಿಮಾ ಮುಗಿಸಿದ್ದರು. ಗಂಡನ ಮನೆಯಿಂದ ಮಗಳೊಬ್ಬಳು ಹೇಳದೆ ಕೇಳದೆ ತಾಯಿಯ ಮನೆಗೆ ಬರುತ್ತಾಳೆ. ತಾಯಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿರುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಅವಳು ಕಟ್ಟುತ್ತಲೇ ಇರುತ್ತಾಳೆ, ಕಾರಣ ಮಾತ್ರ ಕೇಳುವುದಿಲ್ಲ. ಕಥೆ ಇಷ್ಟೇ.

ತಾಯಿಯ ಪಾತ್ರ ಮಾಡಿದವರು ನಿಜವಾಗಿಯೂ ಬೀಡಿ ಕಟ್ಟುವವರು. ಪೊಳಲಿಯ ಹತ್ತಿರ ಮನೆ, ಐವತ್ತು ದಾಟಿದ ವಯಸ್ಸು. ಕಟ್ಟಿದ ಬೀಡಿಯನ್ನು ಕೊಟ್ಟು ಬರುವ ಜಾಗಕ್ಕೆ ನಮ್ಮಲ್ಲಿ ಬ್ರಾಂಚು ಎನ್ನುತ್ತಾರೆ. ಅಲ್ಲಿ ಅವರು ತಮ್ಮ ಸರದಿಗೆ ಕಾಯುತ್ತ ಪಕ್ಕದವಳಿಗೆ ಯಾವುದೋ ಮದುವೆಯ ಸಂಗತಿಯನ್ನು ನಟಿಸಿ ತೋರಿಸುತ್ತಿದ್ದುದನ್ನು ಮಾಸ್ಟ್ರು ನೋಡಿದ್ದರು. ಪಾತ್ರಕ್ಕೆ ಒಪ್ಪಿದರೂ ಅವರದ್ದು ಒಂದು ಶರತ್ತು: ಶೂಟಿಂಗಿನ ದಿನವೂ ಬೀಡಿ ಕಟ್ಟುವುದು ನಿಲ್ಲಬಾರದು. ಹಾಗಾಗಿ ಸಿನಿಮಾದ ಉದ್ದಕ್ಕೂ ಅವರು ನಟಿಸುತ್ತ ನಿಜವಾದ ಬೀಡಿಯನ್ನೇ ಕಟ್ಟಿದ್ದರು.

ತೊಂದರೆ ಶುರುವಾದದ್ದು ಅಲ್ಲಿ. ರೆಕಾರ್ಡಿಂಗ್ ಮಾಡಿದ ಗೆಳೆಯ ಚಿಕ್ಕ ಮೈಕನ್ನು ಅವರ ಸೆರಗಿನ ಮಡಿಕೆಯಲ್ಲಿ ಸಿಕ್ಕಿಸಿದ್ದ. ಅದರ ಕೆಳಗೇ ಮಡಿಲ ಮೇಲೆ ಮೊರದಂಥ ಗೆರಸೆ, ಗೆರಸೆಯಲ್ಲಿ ಎಲೆ, ಕೈಯಲ್ಲಿ ಕತ್ತರಿ.

ಮಾಸ್ಟ್ರು ಹಾರ್ಡ್‌ಡಿಸ್ಕ್ ಮೇಜಿನ ಮೇಲಿಟ್ಟು, "ನೀವೊಮ್ಮೆ ಕೇಳಿ. ಮಾತು ಕೇಳುವುದಿಲ್ಲ, ಬರೀ ಕತ್ತರಿ ಕೇಳ್ತದೆ," ಎಂದರು.

ಕೇಳಿದೆ. ಮಗಳು ಅಂಗಳಕ್ಕೆ ಬಂದಾಗ ತಾಯಿ ತಲೆಯೆತ್ತಿ ಕೇಳುವ ಮೊದಲ ಮಾತು, "ಏಪ ಬತ್ತ?" ಯಾವಾಗ ಬಂದೆ ಎಂದು. ಆ ಎರಡು ಶಬ್ದದೊಳಗೆ ಕತ್ತರಿ ಮೂರು ಸಲ ಕಚಕ್ ಎನ್ನುತ್ತಿತ್ತು.

"ಆಗ್ತದೆ. ಎರಡು ವಾರ ಕೊಡಿ," ಎಂದೆ.

"ನಿಜವಾಗಿ ಆಗ್ತದಾ ಮಾರಾಯ್ರೆ? ಮಂಗಳೂರಿನಲ್ಲಿ ಒಬ್ಬರು, ಪೂರಾ ಡಬ್ಬಿಂಗ್ ಮಾಡಿಸಿ ಅಂದ್ರು."

"ಬೇಡ. ಇದಕ್ಕೆಂದೇ ಸಾಫ್ಟ್‌ವೇರ್ ಉಂಟು."

ಆ ಎರಡು ವಾರ ನಾನು ಬಹಳ ಖುಷಿಯಲ್ಲಿದ್ದೆ. ಕ್ಲಿಕ್ ತೆಗೆಯುವ ಒಂದು ಉಪಕರಣ ಅದರಲ್ಲಿದೆ. ನೆಟ್ಟಗೆ ನಿಂತ ಕಡ್ಡಿಗಳನ್ನು ತಾನೇ ಹುಡುಕಿ ಕೀಳುತ್ತದೆ. ಹಗುರವಾಗಿ ಹಾಕಿದರೆ ಕತ್ತರಿ ಉಳಿಯಿತು. ಇನ್ನಷ್ಟು ಬಿಗಿ ಮಾಡಿದೆ, ಮತ್ತೂ ಬಿಗಿ ಮಾಡಿದೆ. ಉಳಿದವನ್ನು ಒಂದೊಂದಾಗಿ ಕೈಯಿಂದಲೇ ಒರೆಸಿದೆ. ಕೊನೆಗೆ ಕಡ್ಡಿಗಳೆಲ್ಲ ಹೋಗಿ ಬರೀ ಬಾಗುಗೆರೆಗಳು ಉಳಿದವು, ಗುಡಿಸಿ ನೀರು ಹಾಕಿದ ಅಂಗಳದ ಹಾಗೆ. ಮಾಸ್ಟ್ರು ಬಂದು ಕೇಳಿ, "ಇದು ಜಾದೂ," ಎಂದು ನನ್ನ ಕೈ ಕುಲುಕಿದರು. ಆಮೇಲೆ ಅವರೇ ಹೇಳಿದರು, "ತಾಯಿ ಪಾತ್ರದ ಅಕ್ಕನಿಗೆ ಒಮ್ಮೆ ತೋರಿಸುವ. ನನ್ನ ಮಾತು ಹೇಗೆ ಬಂದಿದೆ ಅಂತ ಕೇಳ್ತಾ ಇದ್ದಾರೆ. ನೀವೂ ಬನ್ನಿ."

ಮುಂದಿನ ಭಾನುವಾರ ನಾನು ಬಸ್ಸಿನಲ್ಲಿ ಬಿ.ಸಿ.ರೋಡಿಗೆ ಹೋಗಿ ಇಳಿದೆ. ಮಾಸ್ಟ್ರು ಸ್ಕೂಟರಿನಲ್ಲಿ ಕಾಯುತ್ತಿದ್ದರು. ಅಕ್ಕನ ಮನೆ ತಲುಪುವಾಗ ಹತ್ತು ಗಂಟೆ. ಸಿನಿಮಾದಲ್ಲಿ ನೂರು ಸಲ ನೋಡಿದ ಅದೇ ಜಗಲಿ, ಅದೇ ಕಂಬ. ಅಕ್ಕ ನೈಟಿಯ ಮೇಲೆ ಟವೆಲಿನಂಥ ಬೈರಾಸು ಹಾಕಿಕೊಂಡು ಬೀಡಿ ಕಟ್ಟುತ್ತಿದ್ದರು. ಪಕ್ಕದಲ್ಲಿ ನೆರೆಮನೆಯ ಹೆಂಗಸೊಬ್ಬರು ತಮ್ಮ ಗೆರಸೆ ಇಟ್ಟುಕೊಂಡು ಕೂತಿದ್ದರು. ಬೆಲ್ಲ ನೀರು ಬಂತು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಚಿಕ್ಕ ಸ್ಪೀಕರ್ ಸಿಕ್ಕಿಸಿದೆ. ಚಿತ್ರ ಶುರುವಾದ ಕೂಡಲೇ ಅಕ್ಕನ ಕೈ ನಿಂತಿತು. ಕಾಲು ಗಂಟೆ ಅವರು ಅಲುಗಾಡಲಿಲ್ಲ. ನಾನು ನಿಲ್ಲಿಸಿದ ಮೇಲೂ ಪರದೆಯನ್ನೇ ನೋಡುತ್ತಿದ್ದರು.

"ಹೇಗುಂಟು ಅಕ್ಕ?" ಎಂದರು ಮಾಸ್ಟ್ರು.

"ಮನೆ ಚಂದ ಕಾಣ್ತದೆ. ನಮ್ಮ ಜಗಲಿ ಇಷ್ಟು ಚಂದ ಉಂಟು ಅಂತ ನನಗೆ ಗೊತ್ತಿರಲಿಲ್ಲ."

"ಮಾತು?"

ಅಕ್ಕ ನನ್ನ ಮುಖ ನೋಡಿದರು. "ಸ್ವರ ನನ್ನದೇ. ಆದ್ರೆ ಹಲ್ಲಿಲ್ಲದವಳು ಮಾತಾಡಿದ ಹಾಗೆ ಕೇಳ್ತದೆ. ನನಗೆ ಇನ್ನೂ ಒಂದು ಹಲ್ಲೂ ಹೋಗಲಿಲ್ಲ ಮಗಾ."

ನೆರೆಮನೆಯವರು ಬಾಯಿಗೆ ಬೈರಾಸು ಒತ್ತಿಕೊಂಡು ನಕ್ಕರು. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಸ್ಪೀಕರ್ ಚಿಕ್ಕದು, ಹಾಗಾಗಿ ಹಾಗೆ ಕೇಳಿರಬಹುದು ಎಂದೆ. ಅಕ್ಕ ನೆರೆಯವರ ಕಡೆ ತಿರುಗಿ, "ನಿನಗೆ ಕಥೆ ಗೊತ್ತಿಲ್ಲ ಅಲ್ವಾ? ಚಿತ್ರ ನೋಡಬೇಡ, ಆಚೆ ತಿರುಗಿ ಕೂತು ಕೇಳು. ನಾನು ಏನು ಹೇಳಿದೆ ಅಂತ ಹೇಳು," ಎಂದರು. ಅವರು ತಿರುಗಿ ಕೂತರು. ನಾನು ಮೊದಲ ಮಾತನ್ನು ಹಾಕಿದೆ.

"ಬಾ ಅಂದ ಹಾಗೆ ಆಯ್ತು," ಎಂದರು ಅವರು. "ಇನ್ನೊಮ್ಮೆ ಹಾಕಿ. ಹೌದು, ಬಾ ಅಂತಲೇ. ಮುಂಚೆ ಒಂದು ಏ ಉಂಟು."

ಹೆಡ್‌ಫೋನ್ ಹಾಕಿಕೊಂಡು ನಾನೇ ಕೇಳಿದೆ. ಏಪ ಬತ್ತ ಎಂಬುದು 'ಏಅ ಬಅ' ಆಗಿತ್ತು. ಪಕಾರ, ತಕಾರ, ಟಕಾರ ಎಲ್ಲವೂ ಬಾಯಿಯಲ್ಲಿ ಹುಟ್ಟುವ ಸಣ್ಣ ಟಪ್‌ಗಳೇ ಅಲ್ಲವೇ. ಕತ್ತರಿ ಯಾವುದು, ನಾಲಿಗೆ ಯಾವುದು ಎಂದು ಸಾಫ್ಟ್‌ವೇರಿಗೆ ಗೊತ್ತಾಗಿರಲಿಲ್ಲ. ನನಗೂ ಗೊತ್ತಾಗಿರಲಿಲ್ಲ. ಆ ಮಾತುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಹೋದ ಅಕ್ಷರಗಳನ್ನು ನನ್ನ ಕಿವಿಯೇ ತುಂಬಿಸಿಕೊಂಡು ಕೇಳುತ್ತಿತ್ತು. ಮಾಸ್ಟ್ರ ಕಿವಿಯದ್ದೂ ಅದೇ ಕಥೆ, ಮಾತು ಬರೆದವರೇ ಅವರು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ಏನು ಹೋಯಿತೆಂದು ನಾನು ನೋಡಲಿಲ್ಲ. ಎರಡು ವಾರದ ಕೆಲಸ ಹೋಯಿತು ಎಂಬುದಕ್ಕಿಂತಲೂ, ಕೇಳುವುದೇ ಕೆಲಸವಾಗಿರುವವಳಿಗೆ ಕೇಳಿಸಲಿಲ್ಲವಲ್ಲ ಎಂಬುದು ಚುಚ್ಚುತ್ತಿತ್ತು.

ಮರುದಿನ ಮೂಲದ ಧ್ವನಿಯನ್ನೇ ತೆಗೆದು ಮತ್ತೆ ಶುರು ಮಾಡಿದೆ. ಹಗುರವಾಗಿ ಸರಿಪಡಿಸಿದರೆ ಕತ್ತರಿ ಉಳಿಯುತ್ತದೆ, ಬಿಗಿ ಮಾಡಿದರೆ ಹಲ್ಲು ಹೋಗುತ್ತದೆ. ನಾಲ್ಕು ದಿನ ಹೀಗೇ ಕಳೆದು ಮಾಸ್ಟ್ರಿಗೆ ಫೋನ್ ಮಾಡಿದೆ. "ಡಬ್ಬಿಂಗ್ ಮಾಡುವ. ಅಕ್ಕನನ್ನು ಕರಕೊಂಡು ಬನ್ನಿ," ಎಂದೆ. ಹೇಳುವಾಗ ನಾಚಿಕೆಯಾಯಿತು. ಅವರು ಮಾತ್ರ ಏನನ್ನೂ ನೆನಪಿಸಲಿಲ್ಲ.

ಅಕ್ಕ ಬಂದದ್ದು ಮದುವೆಗೆ ಹೋಗುವ ಸೀರೆ ಉಟ್ಟು. ತಲೆಗೆ ಅಬ್ಬಲಿಗೆ ಹೂವು. ಕೈಗಳನ್ನು ಎಷ್ಟು ತಿಕ್ಕಿ ತೊಳೆದಿದ್ದರೆಂದರೆ ಹೊಗೆಸೊಪ್ಪಿನ ಕಂದು ಬಣ್ಣ ಉಗುರಿನ ಸಂದಿಯಲ್ಲಿ ಮಾತ್ರ ಉಳಿದಿತ್ತು. ಕೆಳಗೆ ಗಿರಣಿ ನಿಂತ ಕೂಡಲೇ ಅವರನ್ನು ಮೈಕಿನ ಮುಂದೆ ಕೂರಿಸಿ ಪರದೆಯಲ್ಲಿ ಚಿತ್ರ ಬಿಟ್ಟೆ. ಪರದೆಯ ಮೇಲೆ ತುಟಿ ಆಡುವಾಗ ಅದೇ ಮಾತನ್ನು ಹೇಳಬೇಕು.

ಅಕ್ಕ ಹೇಳಿದರು. ಒಂದೊಂದು ಅಕ್ಷರವೂ ಸ್ಪಷ್ಟ. ಆದರೆ ಶಾಲೆಯ ವಾರ್ಷಿಕೋತ್ಸವದಲ್ಲಿ ಸ್ವಾಗತ ಭಾಷಣ ಓದುವ ಹಾಗಿತ್ತು. ಮಗಳನ್ನು ಯಾವಾಗ ಬಂದೆ ಎಂದು ಕೇಳುತ್ತಿದ್ದಾರೆಯೋ, ಮುಖ್ಯ ಅತಿಥಿಯನ್ನೋ ತಿಳಿಯುವ ಹಾಗಿರಲಿಲ್ಲ. ಇನ್ನೊಮ್ಮೆ ಎಂದೆ, ಮತ್ತೊಮ್ಮೆ ಎಂದೆ. ಪ್ರತಿ ಸಲವೂ ಮಾತು ಇನ್ನಷ್ಟು ಸೆಟೆದುಕೊಂಡಿತು. ತುಟಿ ಆಡಿ ಮುಗಿದ ಮೇಲೆ ಸ್ವರ ಬರುತ್ತಿತ್ತು. ಮಾಸ್ಟ್ರು ಸಮಾಧಾನ ಹೇಳಲು ಹೋದರು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನನ್ನಿಂದ ಆಗುವುದಿಲ್ಲ ಮಾಸ್ಟ್ರೇ. ಸುಮ್ಮನೆ ನಿಮ್ಮ ದಿನ ಹಾಳು," ಎಂದರು.

ನಾನು ನೋಡಿದ್ದು ಅವರ ಕೈ. ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡು ಕೂತಿದ್ದವು. ನಾನು ನೋಡುವುದನ್ನು ನೋಡಿ ಅಕ್ಕನೂ ತಮ್ಮ ಕೈ ನೋಡಿಕೊಂಡರು.

"ಕೈ ಖಾಲಿ ಇದ್ದರೆ ನನಗೆ ಮಾತು ಬರುವುದಿಲ್ಲ," ಎಂದರು. "ಹನ್ನೆರಡು ವರ್ಷದವಳಿರುವಾಗ ಕೂತದ್ದು ಬೀಡಿಗೆ. ಮಕ್ಕಳಿಗೆ ಬೈದದ್ದೂ ಬೀಡಿ ಕಟ್ಟುತ್ತಲೇ, ಹೆಣ್ಣು ನೋಡಲು ಬಂದವರ ಹತ್ತಿರ ಮಾತಾಡಿದ್ದೂ ಹಾಗೆಯೇ."

"ಬೀಡಿ ಕಟ್ಟಿದರೆ ಮತ್ತೆ ಅದೇ ಕತ್ತರಿ ಬರ್ತದಲ್ಲ ಅಕ್ಕ," ಎಂದರು ಮಾಸ್ಟ್ರು.

"ಸದ್ದಿಲ್ಲದ ಬೀಡಿ ಕಟ್ಟುವ," ಎಂದರು ಅಕ್ಕ.

ನಾನು ಕೆಳಗೆ ಓಡಿದೆ. ಗಿರಣಿಯವರು ಊಟ ಮಾಡುತ್ತಿದ್ದರು. ಒಂದು ಗೆರಸೆ ಬೇಕು ಎಂದದ್ದಕ್ಕೆ ಎಡಗೈಯಲ್ಲೇ ಮೂಲೆ ತೋರಿಸಿದರು. ಗೆರಸೆಯ ಜೊತೆಗೆ, ಹೊಗೆಸೊಪ್ಪಿನ ಬದಲಿಗೆಂದು ಒಂದು ಬೊಗಸೆ ತೌಡನ್ನೂ ತಂದೆ. ಎಲೆಯ ಬದಲಿಗೆ ಏನು ಎಂದು ಹುಡುಕಿ, ತೊಳೆದು ತೊಳೆದು ಮೆತ್ತಗಾಗಿದ್ದ ನನ್ನ ಚೂಡಿದಾರದ ಶಾಲನ್ನು ಅಕ್ಕನ ಕೈಗೆ ಕೊಟ್ಟೆ. ಅವರು ಅಳತೆ ತಗಡು ಇಲ್ಲದೆಯೇ ಬೀಡಿ ಎಲೆಯ ಅಳತೆಗೆ ಅದನ್ನು ನನ್ನ ಕತ್ತರಿಯಲ್ಲಿ ಸರಸರನೆ ಕತ್ತರಿಸಿ ತುಂಡುಗಳನ್ನು ಅಡುಕಿದರು. ಆಮೇಲೆ ಕತ್ತರಿಯನ್ನು ದೂರ ಇಟ್ಟು ಗೆರಸೆಯನ್ನು ಮಡಿಲಿಗೆಳೆದುಕೊಂಡು, ಬಟ್ಟೆಯ ತುಂಡಿನಲ್ಲಿ ತೌಡು ಹಾಕಿ ಸುರುಳಿ ಸುತ್ತತೊಡಗಿದರು. ಮೂರನೆಯ ಸುರುಳಿಯ ಹೊತ್ತಿಗೆ ಬೆನ್ನು ಬಾಗಿತು, ಭುಜ ಇಳಿಯಿತು. ನಾನು ಚಿತ್ರ ಬಿಟ್ಟೆ.

"ಏಪ ಬತ್ತ?"

ಕೇಳಿದ್ದು ತಾಯಿಯೇ. ಮಾಸ್ಟ್ರು ಸ್ಟೂಲಿನಿಂದ ಎದ್ದು ನಿಂತರು.

ಇನ್ನೊಂದನ್ನೂ ಆಗಲೇ ಗಮನಿಸಿದೆ. ತುಟಿಗೂ ಸ್ವರಕ್ಕೂ ಹೆಚ್ಚು ಕಡಿಮೆ ಆಗುತ್ತಿರಲಿಲ್ಲ. ಅಕ್ಕ ಪರದೆಯ ತುಟಿಯನ್ನು ನೋಡುತ್ತಲೇ ಇರಲಿಲ್ಲ, ಪರದೆಯ ಕೈಯನ್ನು ನೋಡುತ್ತಿದ್ದರು. ಆ ಕೈ ಎಲೆ ತೆಗೆದರೆ ಈ ಕೈ ಬಟ್ಟೆ ತೆಗೆಯುತ್ತಿತ್ತು; ಸುರುಳಿ ಮುಗಿಯುವಾಗ ಮಾತು ತಾನಾಗಿಯೇ ಬರುತ್ತಿತ್ತು. ಗಿರಣಿ ಮತ್ತೆ ಶುರುವಾಗುವ ಮೊದಲು ಅರ್ಧ ಸಿನಿಮಾದ ಮಾತು ಮುಗಿದಿತ್ತು. ಉಳಿದರ್ಧಕ್ಕೆ ಅಕ್ಕ ಇನ್ನೊಂದು ದಿನ ಬಂದರು, ಆ ದಿನ ಸಾದಾ ಸೀರೆಯಲ್ಲಿ.

ಹಾಗೆಂದು ಡಬ್ಬಿಂಗಿನ ಮಾತನ್ನು ಇದ್ದ ಹಾಗೆ ಹಾಕಲೂ ಆಗಲಿಲ್ಲ. ನನ್ನ ಕೋಣೆಯ ಸ್ವರಕ್ಕೆ ಅವರ ಜಗಲಿಯ ಗಾಳಿ ಇರಲಿಲ್ಲ. ಕೆಲವು ಕಡೆ, ಅದರಲ್ಲೂ ಮಗಳ ಮುಖ ನೋಡಿ ಹೇಳಿದ ಮಾತುಗಳಲ್ಲಿ, ಮೂಲದಲ್ಲಿದ್ದದ್ದು ಬೇರೆಲ್ಲೂ ಸಿಗುವಂಥದ್ದಲ್ಲ. ಆದ್ದರಿಂದ ಮೂಲದ ಮಾತನ್ನೇ ಇಟ್ಟುಕೊಂಡು, ಕತ್ತರಿಯ ಜೊತೆಗೆ ಕಿತ್ತುಹೋದ ಅಕ್ಷರಗಳನ್ನು ಮಾತ್ರ ಡಬ್ಬಿಂಗಿನಿಂದ ತಂದು ಕೂರಿಸಿದೆ. ಒಂದು ಪಕಾರ, ಒಂದು ತಕಾರ, ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕ ಚೂರುಗಳು. ಸದ್ದಿನ ಚಿತ್ರದಲ್ಲಿ ನೋಡಿ ಜಾಗ ಹುಡುಕಿ, ಕಿವಿಯಲ್ಲಿ ಕೇಳಿ ಅಂಚು ಸವರಬೇಕು. ಹಲ್ಲು ಕಟ್ಟುವ ಡಾಕ್ಟರರ ಕೆಲಸಕ್ಕೂ ಇಷ್ಟೇ ತಾಳ್ಮೆ ಬೇಕೇನೋ. ಒಂದೂವರೆ ತಿಂಗಳು ಹಿಡಿಯಿತು. ಪ್ರತಿ ವಾರ ಸಿನಿಮಾದ ಮಾತು ಗೊತ್ತಿಲ್ಲದ ಯಾರಾದರೊಬ್ಬರನ್ನು ಕರೆದು ಕೇಳಿಸಿ, ಏನು ಕೇಳಿತು ಎಂದು ಬರೆದುಕೊಳ್ಳುತ್ತಿದ್ದೆ.

ಮುಗಿದ ಮೇಲೆ ಮತ್ತೆ ಪೊಳಲಿಗೆ ಹೋದೆವು. ಅಕ್ಕ ಇಡೀ ಸಿನಿಮಾ ನೋಡಿದರು.

"ಹಲ್ಲು ಬಂತು," ಎಂದರು. ನಾವು ನಕ್ಕೆವು. ಅವರು ನಗಲಿಲ್ಲ.

"ಆದ್ರೆ ಆ ಜಾಗ ಸರಿ ಇಲ್ಲ. ಅವಳು ನಾನಿನ್ನು ಹೋಗುವುದಿಲ್ಲ ಅಂತ ಹೇಳ್ತಾಳಲ್ಲ, ಅಲ್ಲಿ."

ಅದು ಸಿನಿಮಾದ ಮುಖ್ಯ ಜಾಗ. ಸಂಜೆಯಾಗುವಾಗ ಮಗಳು, ನಾನಿನ್ನು ಅಲ್ಲಿಗೆ ಹೋಗುವುದಿಲ್ಲ ಎನ್ನುತ್ತಾಳೆ. ತಾಯಿ ಉತ್ತರ ಕೊಡುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಕೈಕಾಲು ತೊಳೆದು ಬಾ, ಊಟ ಮಾಡುವ ಎನ್ನುತ್ತಾಳೆ.

"ಮಾತು ಕೇಳುವುದಿಲ್ಲವಾ?" ಎಂದೆ.

"ಮಾತು ಕೇಳ್ತದೆ. ನಾನು ಅಲ್ಲಿ ಕತ್ತರಿ ನಿಲ್ಲಿಸಿದ್ದೇನೆ. ಬೆಳಗಿನಿಂದ ನಿಲ್ಲಿಸದವಳು ಅಲ್ಲಿ ನಿಲ್ಲಿಸಿದ್ದು. ನೀವು ಕತ್ತರಿಯ ಸದ್ದನ್ನೇ ತೆಗೆದಿದ್ದೀರಿ. ಕತ್ತರಿ ನಿಂತದ್ದು ಗೊತ್ತಾಗಬೇಕಾದರೆ ಮೊದಲು ಕತ್ತರಿ ಇರಬೇಕಲ್ಲ ಮಗಾ?"

ಮಾಸ್ಟ್ರು ನನ್ನನ್ನು ನೋಡಿದರು, ನಾನು ಅವರನ್ನು. ಬರೆದವರಿಗೂ ಅದು ಹೊಳೆದಿರಲಿಲ್ಲ. ಹೀಗೆ ಮಾಡಿ ಎಂದು ಅವರೇನೂ ಹೇಳಿಕೊಟ್ಟಿರಲಿಲ್ಲವಂತೆ. ಅಕ್ಕ ತಾವಾಗಿಯೇ ಕೈ ನಿಲ್ಲಿಸಿದ್ದು.

ಅದೃಷ್ಟಕ್ಕೆ ಕತ್ತರಿ ಎಲ್ಲಿಗೂ ಹೋಗಿರಲಿಲ್ಲ. ಆ ಉಪಕರಣ ತಾನು ಕಿತ್ತದ್ದನ್ನೆಲ್ಲ ಬೇರೆಯಾಗಿ ಉಳಿಸಿಕೊಡುತ್ತದೆ. ಬರೀ ಕ್ಲಿಕ್ಕುಗಳ ಒಂದು ಟ್ರ್ಯಾಕ್ ನನ್ನ ಹತ್ತಿರ ಇತ್ತು. ಕಸವೆಂದು ಅದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅಂದು ಅಲ್ಲೇ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೇಳಿಸಿದೆ. ಅಕ್ಕ ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಗುರುತಿಸಿದರು. "ಇದು ಎಲೆ ಕತ್ತರಿಸಿದ್ದು. ಇದು ನೂಲು ತುಂಡು ಮಾಡಿದ್ದು, ಅದು ಸಪೂರ ಕೇಳ್ತದೆ. ಇದು ತುದಿ ಮಡಚಿದ್ದು. ಇದು ನನ್ನದಲ್ಲ, ಇವಳದ್ದು, ಆಚೆ ಮನೆ ಜಗಲಿಯಿಂದ ಬಂದದ್ದು. ಇವಳ ಕತ್ತರಿಗೆ ಸಾಣೆ ಹಿಡಿಸದೆ ವರ್ಷ ಆಯ್ತು." ಅಂದೂ ಪಕ್ಕದಲ್ಲೇ ಕೂತಿದ್ದ ನೆರೆಯವರು ಹೌದೆಂದು ತಲೆಯಾಡಿಸಿದರು. ನಾನು ಟ್ರ್ಯಾಕಿನ ಮೇಲೆ ಗುರುತು ಹಾಕುತ್ತ ಹೋದೆ. ಊಟಕ್ಕೆ ಅಲ್ಲೇ ಗಂಜಿ, ಉಪ್ಪಿನಕಾಯಿ, ಒಣಮೀನಿನ ಚಟ್ನಿ ಆಯಿತು. ಸಂಜೆ ಹೊರಡುವಾಗ ಇಡೀ ಸಿನಿಮಾದ ಕತ್ತರಿಯ ಲೆಕ್ಕ ನನ್ನಲ್ಲಿತ್ತು. ಮಾತು ಒಂದು ಟ್ರ್ಯಾಕ್, ಕತ್ತರಿ ಒಂದು ಟ್ರ್ಯಾಕ್. ಮಾತು ಬರುವಾಗ ಕತ್ತರಿಯನ್ನು ತಗ್ಗಿಸಿ, ಮಾತಿಲ್ಲದ ಕಡೆ ಅದರಷ್ಟಕ್ಕೆ ಬಿಟ್ಟೆ. ಆ ಜಾಗದಲ್ಲಿ ಅದು ನಿಂತಿತು. ನಾನೊಬ್ಬಳೇ ಕೋಣೆಯಲ್ಲಿ ಕೂತು ಕೇಳುವಾಗ ಆ ನಿಂತದ್ದು ಎಷ್ಟು ದೊಡ್ಡದಾಗಿ ಕೇಳಿತೆಂದರೆ, ಯಂತ್ರ ಕೈಕೊಟ್ಟಿತೇನೋ ಎಂದು ತಿರುಗಿ ನೋಡಿದೆ.

ಸಿನಿಮಾವನ್ನು ಮೊದಲು ತೋರಿಸಿದ್ದು ಬೆಳ್ತಂಗಡಿಯ ಒಂದು ಸಭಾಭವನದಲ್ಲಿ, ಶನಿವಾರ ಮಧ್ಯಾಹ್ನ, ಕಿಟಕಿಗಳಿಗೆ ಶಾಮಿಯಾನದ ಬಟ್ಟೆ ಕಟ್ಟಿ. ಅಕ್ಕನ ಬ್ರಾಂಚಿನ ಹೆಂಗಸರು ಒಂದು ವ್ಯಾನಿನಲ್ಲಿ ಬಂದರು. ಶುರುವಿಗೆ ಪಿಸುಮಾತು, ಸಣ್ಣ ನಗೆ, ಅಕ್ಕನ ಹೆಸರು ಹಿಡಿದು ತಮಾಷೆ. ಏಪ ಬತ್ತ ಎಂದು ಕೇಳಿದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಪರದೆಯ ಹುಡುಗಿಯ ಪರವಾಗಿ "ಇತ್ತೆ," ಎಂದುಬಿಟ್ಟರು, ಈಗ ಬಂದೆ ಎಂದು. ನಾನು ಕತ್ತಲಲ್ಲಿ ಮಾಸ್ಟ್ರ ತೋಳು ಹಿಡಿದೆ. ಅಕ್ಷರ ಬಿಡದೆ ಕೇಳಿತ್ತು.

ಸಂಜೆಯ ದೃಶ್ಯ ಬಂತು. ಮಗಳು ಮಾತು ಹೇಳಿದಳು. ಕತ್ತರಿ ನಿಂತಿತು. ಸಭೆಯಲ್ಲಿದ್ದ ಅಷ್ಟೂ ಹೆಂಗಸರ ಪಿಸುಮಾತು ಅದರ ಜೊತೆಗೇ ನಿಂತಿತು. ಉಳಿದವರಿಗೆ ಸ್ವಲ್ಪ ತಡವಾಗಿ ಗೊತ್ತಾಗಿರಬೇಕು. ಬ್ರಾಂಚಿನ ಹೆಂಗಸರಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಊಟ ಮಾಡುವ ಎಂದು ತಾಯಿ ಕರೆದಾಗ ಯಾರೋ ಮೂಗು ಒರೆಸಿಕೊಂಡದ್ದು ಕೇಳಿತು. ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದರು. ಅಳಲಿಲ್ಲ. "ಈಗ ಸರಿ ಆಯ್ತು," ಎಂದರು, ಅಷ್ಟೇ.

ಹೊರಗೆ ಚಹಾ, ಗೋಳಿಬಜೆ. ಬ್ರಾಂಚಿನ ಹೆಂಗಸರು ಅಕ್ಕನನ್ನು ಸುತ್ತುವರಿದಿದ್ದರು. ಅವರಲ್ಲೊಬ್ಬರು ನನ್ನ ಹತ್ತಿರ ಬಂದು, "ನೀವೂ ಬೀಡಿ ಕಟ್ಟುವವರಾ?" ಎಂದು ಕೇಳಿದರು. ಇಲ್ಲ ಎಂದೆ. ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ನನಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಂದಿಗೂ ಸಿಕ್ಕಿಲ್ಲ.

ವ್ಯಾನು ಹೊರಡುವ ಮೊದಲು ಅಕ್ಕ ಮಾಸ್ಟ್ರನ್ನು ಪಕ್ಕಕ್ಕೆ ಕರೆದರು. "ಇನ್ನೊಂದು ಸಿನಿಮಾ ಮಾಡ್ತೀರಂತೆ?"

"ಬರೀತಾ ಇದ್ದೇನೆ."

"ಅದರಲ್ಲಿ ನನಗೆ ಬೀಡಿ ಬೇಡ. ಬೇರೆ ಏನಾದರೂ ಕೊಡಿ."

"ಯಾವ ಪಾತ್ರ ಮಾಡ್ತೀರಿ ಅಕ್ಕ?"

ಅಕ್ಕ ಯೋಚಿಸಿದರು. ವ್ಯಾನಿನ ಒಳಗಿನಿಂದ ಹೊತ್ತಾಯಿತೆಂದು ಕೂಗುತ್ತಿದ್ದರು. "ಹೋಟೆಲಿನ ಗಲ್ಲಾದಲ್ಲಿ ದುಡ್ಡು ತಕ್ಕೊಂಡು ಕೂತುಕೊಳ್ಳುವವಳು," ಎಂದರು. "ದೊಡ್ಡ ಹೋಟೆಲು. ಎಲ್ಲರಿಗೂ ಅದು ತಾ, ಇದು ತಾ ಅಂತ ಹೇಳ್ತಾ ಇರಬೇಕು."

ಮಾಸ್ಟ್ರು ಈಗ ಅದನ್ನೇ ಬರೆಯುತ್ತಿದ್ದಾರೆ. ಹೋದ ವಾರ ನಾವು ಮೂವರೂ ಪುತ್ತಿಗೆ ರಸ್ತೆಯ ಒಂದು ಹೋಟೆಲಿಗೆ ಜಾಗ ನೋಡಲು ಹೋಗಿದ್ದೆವು. ನಾನು ಒಳಗಿನ ಫ್ರಿಜ್ಜಿನ ಸದ್ದು ಎಷ್ಟುಂಟು ಎಂದು ಕೇಳುತ್ತ ನಿಂತಿದ್ದೆ. ಅಷ್ಟರಲ್ಲಿ ಅಕ್ಕ ಮಾಲೀಕರ ಒಪ್ಪಿಗೆ ಕೇಳಿ ಗಲ್ಲಾದ ಹಿಂದೆ ಹೋಗಿ ಕೂತು, ಯಾರಿಗೋ ಎರಡು ಚಹಾ ಹೇಳಿದರು. ಒಳಗಿನಿಂದ ನಿಜವಾಗಿಯೂ ಎರಡು ಚಹಾ ಬಂತು.